ಹತ್ತಿಕಡ್ಡಿ, ಹಾರ್ಮೋನು ಮತ್ತು ಹೆಣ್ಣುಮಕ್ಕಳ ಓಟದ ಗೆರೆ

ಕೋವಿಡ್ ಕಾಲದಲ್ಲಿ ಮೂಗಿಗೆ ಹತ್ತಿಕಡ್ಡಿ ಹಾಕಿಸಿಕೊಂಡದ್ದು ಯಾರಿಗೆ ನೆನಪಿಲ್ಲ? ಹೆಚ್ಚುಕಡಿಮೆ ಅಂಥದ್ದೇ ಒಂದು ಕಡ್ಡಿ ಈಗ ಓಟದ ಮೈದಾನಕ್ಕೂ ಬಂದಿದೆ. 2025ರ ಸೆಪ್ಟೆಂಬರ್ 1ರಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಹೊಸ ನಿಯಮ ತಂದಿತು. ಮಹಿಳೆಯರ ವಿಭಾಗದಲ್ಲಿ ಓಡಬೇಕಾದರೆ, ಎಸೆಯಬೇಕಾದರೆ, ಜಿಗಿಯಬೇಕಾದರೆ ಜೀವಮಾನದಲ್ಲಿ ಒಂದು ಸಲ ಒಂದು ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆನ್ನೆಯ ಒಳಬದಿಗೆ ಕಡ್ಡಿ ಸವರಿದರೆ ಸಾಕು, ಇಲ್ಲವೇ ಸ್ವಲ್ಪ ರಕ್ತ ಕೊಟ್ಟರೆ ಸಾಕು. ಅದರಲ್ಲಿ ಎಸ್‌ಆರ್‌ವೈ ಎಂಬ, ಸಾಮಾನ್ಯವಾಗಿ ಗಂಡಸರಲ್ಲಿ ಕಾಣುವ ಜೀನ್ ಇದೆಯೋ ಇಲ್ಲವೋ ಎಂದು ನೋಡುತ್ತಾರೆ. ಅದೇ ತಿಂಗಳು ಟೋಕಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಈ ನಿಯಮ ಅನ್ವಯವಾಯಿತು.

ಅದಕ್ಕೆ ಒಂದು ವರ್ಷ ಮೊದಲು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಅಲ್ಜೀರಿಯದ ಇಮಾನ್ ಖೆಲಿಫ್ ಎದುರು ಇಟಲಿಯ ಏಂಜೆಲಾ ಕರೀನಿ 46 ಸೆಕೆಂಡಿಗೇ ಬಾಕ್ಸಿಂಗ್ ಪಂದ್ಯ ಬಿಟ್ಟುಕೊಟ್ಟಿದ್ದರು. ಅವತ್ತು ಸಂಜೆಯ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಲ್ಲರೂ ಹಾರ್ಮೋನ್ ಪಂಡಿತರು! 'ಗಂಡಸನ್ನು ಹೆಂಗಸರ ಜೊತೆ ಬಿಟ್ಟಿದ್ದಾರೆ' ಎಂದು ಒಬ್ಬರು, 'ಅವರು ಲಿಂಗ ಬದಲಿಸಿಕೊಂಡವರು' ಎಂದು ಇನ್ನೊಬ್ಬರು. ಖೆಲಿಫ್ ಹುಟ್ಟಿದಾಗ ಹೆಣ್ಣು ಎಂದೇ ದಾಖಲಾದವರು, ಹೆಣ್ಣಾಗಿಯೇ ಬೆಳೆದವರು. ಹಾಗಾದರೆ ಗಲಾಟೆ ಯಾಕೆ? ಇದು ತಿಳಿಯಬೇಕಾದರೆ ತುಸು ಹಿಂದಿನಿಂದ ಬರಬೇಕು.

ಹೆಂಗಸರಿಗೆ ಬೇರೆ ಪಂದ್ಯ ಯಾಕೆ?

ಕರಾವಳಿಯ ಕಡೆ ಹೋದರೆ ಗೋಡೆಗಳ ಮೇಲೆ '60 ಕೆ.ಜಿ. ವಿಭಾಗದ ಕಬಡ್ಡಿ ಪಂದ್ಯಾವಳಿ' ಎಂಬ ಪೋಸ್ಟರ್ ಕಾಣುತ್ತದೆ. 60 ಕೆ.ಜಿ.ಯ ಹುಡುಗನನ್ನು 85 ಕೆ.ಜಿ.ಯ ಆಳು ಹಿಡಿದು ಕೂರಿಸಿದರೆ ಅದರಲ್ಲಿ ನೋಡಲು ಏನೂ ಇರುವುದಿಲ್ಲ. ಅದಕ್ಕೇ ವಿಭಾಗ. ತಕ್ಕಡಿ ಮೇಲೆ ನಿಲ್ಲಿಸಿದರೆ ಕೆಲಸ ಮುಗಿಯಿತು, ತಕರಾರಿಗೆ ಜಾಗವಿಲ್ಲ.

ಮಹಿಳಾ ವಿಭಾಗ ಹುಟ್ಟಿದ್ದೂ ಇದೇ ಕಾರಣಕ್ಕೆ. 100 ಮೀಟರ್ ಓಟದಲ್ಲಿ ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58 ಸೆಕೆಂಡ್, ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಅವರದು 10.49. ಅಂತರ ಸುಮಾರು ಶೇ 9.5. 800 ಮೀಟರ್‌ನಲ್ಲಿ ಅದು ಶೇ 12ರ ಹತ್ತಿರ. ಉದ್ದ ಜಿಗಿತದಲ್ಲಿ ಗಂಡಸರ ದಾಖಲೆ 8.95 ಮೀಟರ್, ಹೆಂಗಸರದು 7.52. ಒಟ್ಟಾರೆ ಓಟದಲ್ಲಿ ಅಂತರ ಶೇ 10ರಿಂದ 12 ಎಂದು ಇಟ್ಟುಕೊಳ್ಳಬಹುದು. ಕೇಳಲು ಸಣ್ಣದು ಅನ್ನಿಸುತ್ತದೆ, ಅಲ್ವಾ? ಆದರೆ ಒಲಿಂಪಿಕ್ಸ್ ಫೈನಲ್‌ನಲ್ಲಿ ಚಿನ್ನಕ್ಕೂ ನಾಲ್ಕನೇ ಸ್ಥಾನಕ್ಕೂ ನಡುವೆ ಎಷ್ಟೋ ಸಲ ಶೇ 1ರ ಅಂತರವೂ ಇರುವುದಿಲ್ಲ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರೆ ಫೈನಲ್‌ಗೆ ಒಬ್ಬಳು ಹೆಣ್ಣುಮಗಳೂ ಬರುವುದಿಲ್ಲ. ಮಹಿಳಾ ವಿಭಾಗ ಬೇಕು ಎಂಬ ವಿಷಯದಲ್ಲಿ ಇಂಥ ಪರೀಕ್ಷೆಯ ಪರ ಇರುವವರಿಗೂ ವಿರೋಧಿಸುವವರಿಗೂ ಜಗಳವಿಲ್ಲ. ಜಗಳ ಇರುವುದು ತಕ್ಕಡಿಯ ಬಗ್ಗೆ. ತೂಕಕ್ಕೆ ತಕ್ಕಡಿ ಇದೆ. ಹೆಣ್ಣುತನಕ್ಕೆ ಯಾವ ತಕ್ಕಡಿ?

ಟೆಸ್ಟೋಸ್ಟಿರಾನ್ ಮಾಡುವ ಕೆಲಸ

ಹಾರ್ಮೋನು ಎಂದರೆ ದೇಹದ ಒಂದು ಗ್ರಂಥಿ ತಯಾರಿಸಿ ರಕ್ತಕ್ಕೆ ಬಿಡುವ ರಾಸಾಯನಿಕ. ರಕ್ತದ ಜೊತೆ ಮೈಯೆಲ್ಲಾ ಸುತ್ತಿ, ಬೇರೆ ಬೇರೆ ಅಂಗಗಳಿಗೆ ಏನು ಮಾಡಬೇಕೆಂದು ತಿಳಿಸುತ್ತದೆ. ಟೆಸ್ಟೋಸ್ಟಿರಾನ್ ಅಂಥದ್ದೊಂದು. ಇದನ್ನು 'ಗಂಡು ಹಾರ್ಮೋನು' ಎಂದು ಕರೆಯುವ ರೂಢಿ ಇದೆ, ಆದರೆ ಹೆಂಗಸರ ಮೈಯಲ್ಲೂ ಇದು ಇದ್ದೇ ಇದೆ. ಅಂಡಾಶಯ, ಜೊತೆಗೆ ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿ ಇದನ್ನು ತಯಾರಿಸುತ್ತವೆ. ಗಂಡಸರಲ್ಲಿ ಮುಖ್ಯವಾಗಿ ವೃಷಣಗಳು.

ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಕ್ರೀಡಾ ನಿಯಮಗಳಲ್ಲಿ ಇದನ್ನು ಒಂದು ಲೀಟರ್ ರಕ್ತಕ್ಕೆ ಎಷ್ಟು ನ್ಯಾನೊಮೋಲ್ ಎಂದು ಅಳೆಯುತ್ತಾರೆ. ಆರೋಗ್ಯವಂತ ಹೆಂಗಸರಲ್ಲಿ ಇದು ಸಾಮಾನ್ಯವಾಗಿ 2ಕ್ಕಿಂತ ಕಡಿಮೆ. ಗಂಡಸರಲ್ಲಿ ಹೆಚ್ಚುಕಡಿಮೆ 8ರಿಂದ 29. ನಡುವೆ ಒಂದು ಖಾಲಿ ಜಾಗ ಇದೆ ಎಂಬುದನ್ನು ಗಮನಿಸಿ, ಮುಂದೆ ಬೇಕಾಗುತ್ತದೆ. ಈ ನ್ಯಾನೊಮೋಲ್ ಎಷ್ಟು ಸಣ್ಣದು ಎಂದರೆ, 2023ರ ನಿಯಮದಲ್ಲಿ ಮಿತಿಯಾಗಿದ್ದ 2.5 ಎಂಬ ಅಂಕಿ ಒಂದು ಲೀಟರ್ ರಕ್ತದಲ್ಲಿ ಗ್ರಾಂನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಊರಿನ ಲ್ಯಾಬ್‌ಗಳು ರಿಪೋರ್ಟಿನಲ್ಲಿ ಬೇರೆ ಅಳತೆ ಬಳಸುತ್ತವೆ. ಅಲ್ಲಿ ಇದೇ ಅಂಕಿ ಡೆಸಿಲೀಟರ್‌ಗೆ ಸುಮಾರು 72 ನ್ಯಾನೊಗ್ರಾಂ ಎಂದು ಕಾಣುತ್ತದೆ.

ಐದನೇ ಕ್ಲಾಸಿನಲ್ಲಿ ನಮ್ಮ ಶಾಲೆಯ ಓಟದಲ್ಲಿ ಮೊದಲು ಬರುತ್ತಿದ್ದದ್ದು ಹುಡುಗಿಯರೇ. ಹೈಸ್ಕೂಲು ಮುಗಿಯುವಷ್ಟರಲ್ಲಿ ಎಲ್ಲಾ ಉಲ್ಟಾ. ಇದು ನಮ್ಮ ಶಾಲೆಯೊಂದರ ಕತೆಯಲ್ಲ. ಹನ್ನೆರಡರ ಆಸುಪಾಸಿನವರೆಗೆ ಹುಡುಗ ಹುಡುಗಿಯರ ಓಟದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆಮೇಲೆ ಹುಡುಗರ ದನಿ ಒಡೆಯುತ್ತದೆ, ಮೀಸೆ ಮೂಡುತ್ತದೆ. ಅದೇ ಹೊತ್ತಿಗೆ ಟೆಸ್ಟೋಸ್ಟಿರಾನ್ ಎಷ್ಟೋ ಪಟ್ಟು ಏರಿರುತ್ತದೆ. ಸ್ನಾಯು ದಪ್ಪವಾಗುತ್ತದೆ, ಮೂಳೆ ಉದ್ದ ಮತ್ತು ಗಟ್ಟಿಯಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕೂಡ ಹೆಚ್ಚುತ್ತದೆ, ಗಂಡಸರಲ್ಲಿ ಅದು ಹೆಂಗಸರಿಗಿಂತ ಸುಮಾರು ಶೇ 12 ಜಾಸ್ತಿ. ದೂರ ಓಡುವವರಿಗೆ ಅದು ದೊಡ್ಡ ಅನುಕೂಲ.

ಟ್ಯಾಂಕ್ ತುಂಬಿದೆ, ನಲ್ಲಿ ಇದೆಯಾ?

ಶಾಲೆಯ ಜೀವಶಾಸ್ತ್ರದ ಪಾಠ ಸರಳ. ಎಕ್ಸ್ ಎಕ್ಸ್ ಎಂದರೆ ಹೆಣ್ಣು, ಎಕ್ಸ್ ವೈ ಎಂದರೆ ಗಂಡು. ಬಹುಪಾಲು ಜನರಿಗೆ ಇದು ಸರಿಹೊಂದುತ್ತದೆ. ಎಲ್ಲರಿಗೂ ಅಲ್ಲ.

ಗರ್ಭದಲ್ಲಿ ಮೊದಲ ಕೆಲವು ವಾರ ಎಲ್ಲಾ ಭ್ರೂಣಗಳೂ ಒಂದೇ ಥರ ಇರುತ್ತವೆ. ವೈ ಕ್ರೋಮೋಸೋಮ್‌ನಲ್ಲಿರುವ ಎಸ್‌ಆರ್‌ವೈ ಎಂಬ ಜೀನ್ ಆಗ ಸ್ವಿಚ್ ಒತ್ತುತ್ತದೆ. ಒತ್ತಿದರೆ ವೃಷಣ ಬೆಳೆಯುವ ದಾರಿ ಹಿಡಿಯುತ್ತದೆ. ಆದರೆ ಅಲ್ಲಿಂದ ಮುಂದೆ ಇನ್ನೂ ಹಲವು ಹಂತಗಳಿವೆ, ಯಾವ ಹಂತದಲ್ಲಿ ಬೇಕಾದರೂ ದಾರಿ ಬದಲಾಗಬಹುದು. ಇಂಥ ಹುಟ್ಟಿನ ವ್ಯತ್ಯಾಸಗಳನ್ನು ಒಟ್ಟಾಗಿ ಡಿಎಸ್‌ಡಿ ಎಂದು ಕರೆಯುತ್ತಾರೆ. ಕ್ರೀಡೆಯ ಜಗಳದಲ್ಲಿ ಎರಡು ಬಗೆ ಮುಖ್ಯ.

ಮೊದಲನೆಯದಕ್ಕೆ ಊರಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಟ್ಯಾಂಕ್ ತುಂಬಾ ನೀರಿದೆ. ಆದರೆ ನಿಮ್ಮ ಮನೆಗೆ ನಲ್ಲಿಯ ಸಂಪರ್ಕವೇ ಇಲ್ಲ. ಆ ನೀರಿನಿಂದ ನಿಮಗೇನು ಉಪಯೋಗ? ಕೆಲವು ಹೆಂಗಸರಲ್ಲಿ ಎಕ್ಸ್ ವೈ ಕ್ರೋಮೋಸೋಮ್ ಇರುತ್ತದೆ, ಹೊಟ್ಟೆಯೊಳಗೆ ವೃಷಣಗಳಿರುತ್ತವೆ, ರಕ್ತದಲ್ಲಿ ಗಂಡಸರಷ್ಟೇ ಟೆಸ್ಟೋಸ್ಟಿರಾನ್ ಇರುತ್ತದೆ. ಆದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು, ಅಂದರೆ ಜೀವಕೋಶದ ನಲ್ಲಿಗಳು, ಕೆಲಸ ಮಾಡುವುದಿಲ್ಲ. ಅವರು ಎಲ್ಲಾ ಹುಡುಗಿಯರಂತೆ ಬೆಳೆಯುತ್ತಾರೆ. ಮುಟ್ಟಾಗದೇ ಇದ್ದಾಗ ಡಾಕ್ಟರ ಹತ್ತಿರ ಹೋದರೆ ಆಗಲೇ ವಿಷಯ ಗೊತ್ತಾಗುವುದು. ಆಂಡ್ರೊಜನ್‌ಗೆ (ಟೆಸ್ಟೋಸ್ಟಿರಾನ್ ಸೇರಿದ ಹಾರ್ಮೋನುಗಳ ಗುಂಪು) ದೇಹ ಒಂದಿಷ್ಟೂ ಸ್ಪಂದಿಸದ ಸ್ಥಿತಿ ಇದು. ಕೆಲವರಲ್ಲಿ ನಲ್ಲಿ ಅರ್ಧ ಕಟ್ಟಿಕೊಂಡಿರುತ್ತದೆ, ನೀರು ಸಣ್ಣಗೆ ಬರುತ್ತಿರುತ್ತದೆ. ಅಂಥವರಿಗೆ ಹಾರ್ಮೋನಿನಿಂದ ಎಷ್ಟು ಅನುಕೂಲವಾಯಿತು ಎಂದು ಅಳೆಯುವುದು ಕಷ್ಟ.

ಎರಡನೆಯದು 5 ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಕೊರತೆ. ಈ ಕಿಣ್ವ ಟೆಸ್ಟೋಸ್ಟಿರಾನ್ ಅನ್ನು ಇನ್ನೂ ಬಿರುಸಾದ ರೂಪಕ್ಕೆ ತಿರುಗಿಸುತ್ತದೆ. ಗರ್ಭದಲ್ಲಿ ಗಂಡು ಜನನಾಂಗ ಮೂಡಲು ಆ ರೂಪವೇ ಬೇಕು. ಅದಿಲ್ಲದ ಮಗು ಹುಟ್ಟಿದಾಗ ನೋಡಲು ಹೆಣ್ಣಿನಂತೆ ಇರಬಹುದು. ಸೂಲಗಿತ್ತಿ ಹೆಣ್ಣು ಎನ್ನುತ್ತಾಳೆ, ಮನೆಯವರು ಹೆಣ್ಣೆಂದೇ ಹೆಸರಿಡುತ್ತಾರೆ. ಹರೆಯಕ್ಕೆ ಬಂದಾಗ ಒಳಗಿನ ವೃಷಣಗಳು ಟೆಸ್ಟೋಸ್ಟಿರಾನ್ ಬಿಡಲು ಶುರು ಮಾಡುತ್ತವೆ. ಇಲ್ಲಿ ನಲ್ಲಿಗಳು ಸರಿಯಾಗಿಯೇ ಇವೆ. ದನಿ ಗಡುಸಾಗುತ್ತದೆ, ಸ್ನಾಯು ಬೆಳೆಯುತ್ತದೆ. ವಿಶ್ವ ಅಥ್ಲೆಟಿಕ್ಸ್‌ನ ತಕರಾರು ಹೆಚ್ಚಾಗಿ ಈ ಬಗೆಯ ಬಗ್ಗೆ.

ಡಿಎಸ್‌ಡಿ ಇರುವವರು ಜನಸಂಖ್ಯೆಯಲ್ಲಿ ತುಂಬಾ ಅಪರೂಪ. ಆದರೆ 2011ರ ದೇಗು ವಿಶ್ವ ಚಾಂಪಿಯನ್‌ಷಿಪ್‌ನ ಓಟಗಾರ್ತಿಯರ ರಕ್ತ ಪರೀಕ್ಷಿಸಿದಾಗ ಎಕ್ಸ್ ವೈ ಡಿಎಸ್‌ಡಿ ಇರುವವರು ಸಾವಿರಕ್ಕೆ 7ರಷ್ಟಿದ್ದರು. ಸಾಮಾನ್ಯ ಜನರಲ್ಲಿರುವುದಕ್ಕಿಂತ ಸುಮಾರು 140 ಪಟ್ಟು ಎಂದು ಆ ಅಧ್ಯಯನ ಅಂದಾಜು ಮಾಡಿತು. ನಿಯಮ ಬೇಕು ಎನ್ನುವವರು ಮೊದಲು ತೋರಿಸುವ ಅಂಕಿ ಇದೇ.

ಹೋಗಿ ಬಂದ ಪರೀಕ್ಷೆಗಳು

ಕೆನ್ನೆಗೆ ಕಡ್ಡಿ ಸವರುವುದು ಹೊಸತೇನಲ್ಲ. 1966ರ ಬುಡಾಪೆಸ್ಟ್ ಯುರೋಪಿಯನ್ ಕ್ರೀಡಾಕೂಟದಲ್ಲಿ ಓಟಗಾರ್ತಿಯರು ವೈದ್ಯೆಯರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕಾಗಿತ್ತು. ಅದಕ್ಕೆ ಛೀಮಾರಿ ಬಿದ್ದ ಮೇಲೆ 1968ರ ಒಲಿಂಪಿಕ್ಸ್‌ಗೆ ಕ್ರೋಮೋಸೋಮ್ ಪರೀಕ್ಷೆ ಬಂತು. ಕೆನ್ನೆಯ ಜೀವಕೋಶ ತೆಗೆದು ಎರಡನೇ ಎಕ್ಸ್ ಇದೆಯಾ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು.

1985ರಲ್ಲಿ ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟಿನ್ಯೊ ಜಪಾನಿನ ಕೋಬೆಯಲ್ಲಿ ಈ ಪರೀಕ್ಷೆಯಲ್ಲಿ ಬಿದ್ದರು. ಅವರದು ನಲ್ಲಿಯೇ ಇಲ್ಲದ ಸ್ಥಿತಿ. ಟೆಸ್ಟೋಸ್ಟಿರಾನ್‌ನಿಂದ ಅವರ ದೇಹಕ್ಕೆ ಒಂದು ಹನಿಯೂ ಲಾಭವಿಲ್ಲ. ಹಾಗೆ ನೋಡಿದರೆ ಉಳಿದ ಹೆಂಗಸರಿಗೆ ಸಿಗುವ ಚೂರುಪಾರು ಕೂಡ ಅವರಿಗೆ ಸಿಗುತ್ತಿರಲಿಲ್ಲ. ಆದರೂ ಅವರನ್ನು ಹೊರಗಿಟ್ಟರು, ವಿಷಯ ಪತ್ರಿಕೆಗಳಿಗೆ ಸೋರಿತು. ಪಟಿನ್ಯೊ ಹೋರಾಡಿ 1988ರಲ್ಲಿ ಅನುಮತಿ ಮರಳಿ ಪಡೆದರು. ಅಷ್ಟರಲ್ಲಿ ಓಟದ ವಯಸ್ಸು ಕೈಜಾರಿತ್ತು.

1992ರ ಹೊತ್ತಿಗೆ ಒಲಿಂಪಿಕ್ಸ್‌ನಲ್ಲಿ ಎಸ್‌ಆರ್‌ವೈ ಪರೀಕ್ಷೆಯೇ ಬಂದಿತ್ತು. ಹೌದು, ಈಗಿನದೇ. 1996ರ ಅಟ್ಲಾಂಟಾದಲ್ಲಿ 3387 ಮಂದಿಯನ್ನು ಪರೀಕ್ಷಿಸಿದರು, 8 ಮಂದಿಯಲ್ಲಿ ಜೀನ್ ಕಂಡುಬಂತು. ಏಳು ಮಂದಿಯ ದೇಹ ಆಂಡ್ರೊಜನ್‌ಗೆ ಪೂರ್ತಿ ಅಥವಾ ಭಾಗಶಃ ಸ್ಪಂದಿಸದ್ದು, ಒಬ್ಬರದು ಕಿಣ್ವದ ಕೊರತೆ. ಎಂಟೂ ಮಂದಿಗೆ ಆಡಲು ಬಿಟ್ಟರು. ಪರೀಕ್ಷೆ ಮಾಡಿ ಆದ ಉಪಯೋಗ ಏನು ಎಂಬ ಪ್ರಶ್ನೆ ಎದ್ದು, 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮೊದಲೇ ಅದನ್ನು ಕೈಬಿಟ್ಟರು. ಆಮೇಲೆ ಎಲ್ಲರಿಗೂ ಪರೀಕ್ಷೆ ಇಲ್ಲ, ಅನುಮಾನ ಬಂದವರಿಗೆ ಮಾತ್ರ. ಅನುಮಾನ ಯಾರ ಮೇಲೆ ಬರುತ್ತದೆ? ದನಿ ಗಡುಸಿರುವವರ ಮೇಲೆ, ಎದೆ ಚಪ್ಪಟೆ ಇರುವವರ ಮೇಲೆ. ಇನ್ನೂ ಬಿಡಿಸಿ ಹೇಳಬೇಕೆಂದರೆ, 'ಹುಡುಗಿಯಂತೆ ಕಾಣದವರ' ಮೇಲೆ.

2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದ ಶಾಂತಿ ಸೌಂದರರಾಜನ್ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಇಟ್ಟಿಗೆಗೂಡಿನ ಕೂಲಿಕಾರರ ಮಗಳು. ಪರೀಕ್ಷೆಯ ಬಳಿಕ ಪದಕ ಕಿತ್ತುಕೊಂಡರು. ಮತ್ತೆ ಇಟ್ಟಿಗೆಗೂಡಿನ ಕೆಲಸಕ್ಕೇ ಹೋಗಬೇಕಾಗಿ ಬಂತು. ಕೊನೆಗೆ ಬೆಂಗಳೂರಿನಲ್ಲಿ ಕೋಚಿಂಗ್ ಡಿಪ್ಲೊಮಾ ಮುಗಿಸಿ ತರಬೇತುದಾರರಾದರು.

ದ್ಯುತಿ ಕೇಳಿದ ಪ್ರಶ್ನೆ

ಒಡಿಶಾದ ಜಾಜ್‌ಪುರ ಜಿಲ್ಲೆಯ ನೇಕಾರರ ಮನೆಯ ಹುಡುಗಿ ದ್ಯುತಿ ಚಾಂದ್. 2014ರಲ್ಲಿ 18 ವರ್ಷ. ತೈಪೆಯಲ್ಲಿ ಏಷ್ಯನ್ ಜೂನಿಯರ್ ಚಿನ್ನ ಗೆದ್ದು ಬಂದಿದ್ದರು. ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ಗೆ ಹೊರಡುವ ಮೊದಲು ಪರೀಕ್ಷೆಗೆ ಕರೆದರು. ಮಾಮೂಲಿ ತಪಾಸಣೆ ಇರಬಹುದು ಎಂದುಕೊಂಡರು ದ್ಯುತಿ. ಆಮೇಲೆ ತಂಡದಿಂದ ಕೈಬಿಟ್ಟ ಸುದ್ದಿ ಬಂತು.

ಆಗ ಜಾರಿಯಲ್ಲಿದ್ದದ್ದು ಅಥ್ಲೆಟಿಕ್ಸ್ ಸಂಸ್ಥೆಯ 2011ರ ನಿಯಮ. ಟೆಸ್ಟೋಸ್ಟಿರಾನ್ 10 ನ್ಯಾನೊಮೋಲ್ ದಾಟಿದರೆ, ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಇಳಿಸಿಕೊಂಡು ಬರಬೇಕು. ಇಲ್ಲವಾದರೆ ಮನೆಯಲ್ಲಿರಬೇಕು. ದ್ಯುತಿಗಿಂತ ಮೊದಲಿನವರು ಒಂದೋ ಔಷಧಿ ತಗೊಂಡರು, ಇಲ್ಲವೇ ಸುಮ್ನೆ ಮರೆಯಾದರು. ದ್ಯುತಿ ಎರಡನ್ನೂ ಮಾಡಲಿಲ್ಲ. ನನ್ನ ಮೈಯಲ್ಲಿ ಹುಟ್ಟಿನಿಂದ ಇರುವುದನ್ನು ನಾನು ಯಾಕೆ ಬದಲಿಸಿಕೊಳ್ಳಬೇಕು ಎಂದು ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿರುವ ಕ್ರೀಡಾ ನ್ಯಾಯಾಲಯಕ್ಕೆ ಹೋದರು.

2015ರ ಜುಲೈನಲ್ಲಿ ಬಂದ ತೀರ್ಪು ಓದುವಂಥದ್ದು. ಟೆಸ್ಟೋಸ್ಟಿರಾನ್‌ನಿಂದ ಅನುಕೂಲ ಆಗುತ್ತದೆ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಎಷ್ಟು ಅನುಕೂಲ ಎಂದು ಕೇಳಿತು. ಗಂಡು ಹೆಣ್ಣಿನ ನಡುವೆ ಇರುವ ಶೇ 10-12ರ ಹತ್ತಿರ ಬಂದರೆ ಬೇರೆ ಮಾತು. ಶೇ 1ರಷ್ಟು ಮಾತ್ರ ಇದ್ದರೆ? ಒಳ್ಳೆಯ ಕೋಚ್, ಒಳ್ಳೆಯ ಊಟ, ಉದ್ದ ಕಾಲು ಇವುಗಳಿಂದಲೂ ಅಷ್ಟು ಸಿಗುತ್ತದಲ್ಲ. ಎರಡು ವರ್ಷದೊಳಗೆ ಪುರಾವೆ ತನ್ನಿ, ಅಲ್ಲಿಯವರೆಗೆ ನಿಯಮ ಅಮಾನತು ಎಂದಿತು. ದ್ಯುತಿ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿದರು. ಪಿ.ಟಿ. ಉಷಾ 1980ರಲ್ಲಿ ಓಡಿದ ಮೇಲೆ ಆ ಓಟಕ್ಕೆ ಅರ್ಹತೆ ಪಡೆದ ಮೊದಲ ಭಾರತೀಯ ಮಹಿಳೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ.

ಅದೇ ದ್ಯುತಿಗೆ 2023ರಲ್ಲಿ ನಾಲ್ಕು ವರ್ಷ ನಿಷೇಧ ಬಿತ್ತು. ಕಾರಣ ಬೇರೆ. ಅವರ ಮೂತ್ರದ ಮಾದರಿಯಲ್ಲಿ ಸಾರ್ಮ್ಸ್ ಎಂಬ ನಿಷೇಧಿತ ಔಷಧಿ ಸಿಕ್ಕಿತ್ತು. ಬೇಕೆಂದು ತಗೊಂಡದ್ದಲ್ಲ ಎಂದು ಅವರು ವಾದಿಸಿದರು. ಸಾರ್ಮ್ಸ್ ಎಂದರೆ ಟೆಸ್ಟೋಸ್ಟಿರಾನ್ ಅಲ್ಲ, ಅದೇ ನಲ್ಲಿಗಳನ್ನು ಹೊರಗಿನಿಂದ ತಿರುಗಿಸುವ ವಸ್ತು. ಎರಡು ಪ್ರಕರಣಗಳನ್ನು ಕಲಸಿ 'ನೋಡಿ, ಆಗಲೇ ಗೊತ್ತಿತ್ತು' ಎನ್ನುವವರಿದ್ದಾರೆ. ಮೈಯೊಳಗೆ ತಾನಾಗಿ ಹುಟ್ಟಿದ್ದು ಒಂದು, ಹೊರಗಿನಿಂದ ಸೇರಿದ್ದು ಇನ್ನೊಂದು. ಮೊದಲನೆಯದು ಯಾವತ್ತೂ ಡೋಪಿಂಗ್ ಅಲ್ಲ.

ಸೆಮೆನ್ಯಾ ಮತ್ತು ಸರಿಯುತ್ತಾ ಹೋದ ಗೆರೆ

ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ 2009ರಲ್ಲಿ, 18ನೇ ವಯಸ್ಸಿಗೆ, ಬರ್ಲಿನ್‌ನಲ್ಲಿ 800 ಮೀಟರ್ ವಿಶ್ವ ಚಾಂಪಿಯನ್ ಆದರು. 1 ನಿಮಿಷ 55.45 ಸೆಕೆಂಡ್. ಆ ಫೈನಲ್‌ಗೆ ಮುಂಚೆಯೇ ಅವರ ಲಿಂಗ ಪರೀಕ್ಷೆಯ ಸುದ್ದಿ ಜಗತ್ತಿಗೆಲ್ಲಾ ಸೋರಿತ್ತು. ಸುಮಾರು ಐದು ವರ್ಷ ಗರ್ಭನಿರೋಧಕ ಮಾತ್ರೆ ತಗೊಂಡು ಹಾರ್ಮೋನು ಇಳಿಸಿಕೊಂಡು ಓಡಿದರು. ವಾಕರಿಕೆ, ತೂಕ ಏರಿಕೆ, ಹೊಟ್ಟೆನೋವು ಕಾಡಿತು ಎಂದು ಆಮೇಲೆ ಹೇಳಿದರು. ದ್ಯುತಿ ತೀರ್ಪಿನಿಂದ ನಿಯಮ ನಿಂತಾಗ ಮಾತ್ರೆ ಬಿಟ್ಟರು. ರಿಯೊದಲ್ಲಿ ಚಿನ್ನ, 2018ರಲ್ಲಿ 1:54.25. ಮಾತ್ರೆ ಇದ್ದಾಗಿನ ಮತ್ತು ಇಲ್ಲದಾಗಿನ ಓಟವನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಓದುತ್ತಾರೆ. ಹಾರ್ಮೋನು ಇಳಿದದ್ದಕ್ಕೆ ನಿಧಾನವಾದರು ಎಂದು ಒಬ್ಬರು, ಕಾಯಿಲೆ ಬಿದ್ದವರಂತೆ ಓಡಿದರೆ ಇನ್ನೇನಾಗುತ್ತದೆ ಎಂದು ಇನ್ನೊಬ್ಬರು.

2018ರಲ್ಲಿ ಹೊಸ ನಿಯಮ ಬಂತು. ಮಿತಿ 10ರಿಂದ 5ಕ್ಕೆ ಇಳಿಯಿತು. ಆದರೆ 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ, ಎಕ್ಸ್ ವೈ ಡಿಎಸ್‌ಡಿ ಇರುವವರಿಗೆ ಮಾತ್ರ. ಸೆಮೆನ್ಯಾ ಕೋರ್ಟಿಗೆ ಹೋದರು. 2019ರ ಮೇ 1ರಂದು ಕ್ರೀಡಾ ನ್ಯಾಯಾಲಯದ ಮೂವರಲ್ಲಿ ಇಬ್ಬರು ಅವರ ವಿರುದ್ಧ ತೀರ್ಪು ಕೊಟ್ಟರು. ಈ ನಿಯಮ ತಾರತಮ್ಯದ್ದೇ, ಆದರೆ ಮಹಿಳಾ ವಿಭಾಗ ಉಳಿಯಲು ಬೇಕಾದದ್ದು ಎಂಬುದು ಅವರ ಮಾತಿನ ಸಾರ. ಇಷ್ಟು ನೇರವಾಗಿ 'ಹೌದು, ಅನ್ಯಾಯವೇ, ಆದರೂ ಇರಲಿ' ಎನ್ನುವ ಧಾಟಿಯ ತೀರ್ಪು ಅಪರೂಪ. ಸೆಮೆನ್ಯಾ ಅಲ್ಲಿಗೆ ನಿಲ್ಲದೆ ಸ್ವಿಸ್ ಕೋರ್ಟಿಗೂ ಹೋದರು. 2025ರ ಜುಲೈನಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ, ಸ್ವಿಸ್ ಕೋರ್ಟು ಅವರ ದೂರನ್ನು ಸರಿಯಾಗಿ ವಿಚಾರಿಸಲಿಲ್ಲ ಎಂದಿತು. ನಿಯಮ ಸರಿಯೋ ತಪ್ಪೋ ಎಂಬುದನ್ನು ಮಾತ್ರ ತೀರ್ಮಾನಿಸಲಿಲ್ಲ.

ಈ ಮಧ್ಯೆ ಒಂದು ತಮಾಷೆ ನಡೆಯಿತು. 400 ಮೀಟರ್‌ಗೆ ನಿಷೇಧವಾದರೆ 200 ಓಡಬಹುದಲ್ಲ! ನಮೀಬಿಯಾದ ಕ್ರಿಸ್ಟಿನ್ ಎಂಬೋಮಾ ಹಾಗೇ ಮಾಡಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 21.81 ಸೆಕೆಂಡಿನಲ್ಲಿ ಬೆಳ್ಳಿ ಗೆದ್ದರು. ಬುರುಂಡಿಯ ಫ್ರಾನ್ಸಿನ್ ನಿಯೊನ್ಸಾಬಾ 800 ಬಿಟ್ಟು ದೂರದ ಓಟಕ್ಕೆ ಹೋಗಿ 2021ರಲ್ಲಿ 2000 ಮೀಟರ್ ವಿಶ್ವದಾಖಲೆ ಬರೆದರು. 2023ರ ಮಾರ್ಚ್‌ನಲ್ಲಿ ಸಂಸ್ಥೆ ಆ ಕಿಂಡಿಯನ್ನೂ ಮುಚ್ಚಿತು. ಎಲ್ಲಾ ಸ್ಪರ್ಧೆಗಳಿಗೂ 2.5 ಮಿತಿ, ಎರಡು ವರ್ಷ ಅದಕ್ಕಿಂತ ಕೆಳಗೆ ಇಟ್ಟುಕೊಂಡಿರಬೇಕು. ಅಲ್ಲಿಗೆ 10, 5, 2.5. ಎರಡೂ ಗುಂಪುಗಳ ನಡುವೆ ಖಾಲಿ ಜಾಗ ಇದೆ ಎಂದೆನಲ್ಲ, ಗೆರೆ ಸರಿದಾಡಿದ್ದು ಹೆಚ್ಚಾಗಿ ಅಲ್ಲೇ.

ವಿಜ್ಞಾನ ಏನು ಹೇಳುತ್ತದೆ?

ಟೆಸ್ಟೋಸ್ಟಿರಾನ್ ಸ್ನಾಯು ಮತ್ತು ರಕ್ತವನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಇಲ್ಲದಿದ್ದರೆ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವವರು ಯಾಕಿರುತ್ತಿದ್ದರು? ಆದರೆ 'ಜಾಸ್ತಿ ಹಾರ್ಮೋನು, ಜಾಸ್ತಿ ಪದಕ' ಎಂಬ ನೇರ ಲೆಕ್ಕ ಕೂಡುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ 693 ಉನ್ನತ ಮಟ್ಟದ ಕ್ರೀಡಾಪಟುಗಳ ರಕ್ತ ನೋಡಿತು. ಗಂಡಸರಲ್ಲಿ ಶೇ 16.5 ಮಂದಿಗೆ ಟೆಸ್ಟೋಸ್ಟಿರಾನ್ ಮಾಮೂಲಿಗಿಂತ ಕಡಿಮೆ, ಹೆಂಗಸರಲ್ಲಿ ಶೇ 13.7 ಮಂದಿಗೆ ಜಾಸ್ತಿ ಇತ್ತು. ರಕ್ತ ತೆಗೆದದ್ದು ಪಂದ್ಯ ಮುಗಿದ ಕೂಡಲೇ, ಆಗ ಹಾರ್ಮೋನು ಏರುಪೇರಾಗಿರುತ್ತದೆ ಎಂದು ಟೀಕಾಕಾರರು ಆಕ್ಷೇಪಿಸಿದರು.

ಇನ್ನೊಂದು ಕಡೆ, ವಿಶ್ವ ಅಥ್ಲೆಟಿಕ್ಸ್ ತಾನೇ ನೆಚ್ಚಿಕೊಂಡ 2017ರ ಅಧ್ಯಯನದ ದತ್ತಾಂಶದಲ್ಲಿ ತಪ್ಪುಗಳಿವೆ ಎಂದು ಬೇರೆ ಸಂಶೋಧಕರು ತೋರಿಸಿದರು. 2021ರಲ್ಲಿ ಅದೇ ಪತ್ರಿಕೆ ತಿದ್ದುಪಡಿ ಪ್ರಕಟಿಸಿತು. ಹಾರ್ಮೋನೇ ಕಾರಣ ಎಂಬುದಕ್ಕೆ ಆ ಅಧ್ಯಯನ ಪುರಾವೆಯಲ್ಲ ಎಂದು ಲೇಖಕರೇ ಒಪ್ಪಿದರು.

ಹುಟ್ಟಿನಿಂದ ಬಂದ ಅನುಕೂಲಗಳು ಬೇರೆಯವರಿಗೂ ಇವೆ. 1960ರ ದಶಕದಲ್ಲಿ ಏಳು ಒಲಿಂಪಿಕ್ ಪದಕ ಗೆದ್ದ ಫಿನ್‌ಲೆಂಡ್‌ನ ಸ್ಕೀಯರ್ ಈರೊ ಮಾಂಟುರಾಂಟಾ ಅವರ ರಕ್ತದಲ್ಲಿ, ಒಂದು ಜೀನ್ ವ್ಯತ್ಯಾಸದಿಂದ, ಹಿಮೋಗ್ಲೋಬಿನ್ ವಿಪರೀತ ಜಾಸ್ತಿ ಇತ್ತು. ರಕ್ತ ತಿಳಿ ಮಾಡಿಕೊಂಡು ಬನ್ನಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಇದಕ್ಕೆ ನಿಯಮದ ಪರ ಇರುವವರ ಉತ್ತರವೂ ಗಟ್ಟಿಯೇ. ಹಿಮೋಗ್ಲೋಬಿನ್‌ಗೆ ತಕ್ಕಂತೆ ನಾವು ವಿಭಾಗ ಮಾಡಿಲ್ಲ, ಲಿಂಗಕ್ಕೆ ಮಾಡಿದ್ದೇವೆ. ವಿಭಾಗ ಮಾಡಿದ ಮೇಲೆ ಅದರ ಬೇಲಿ ಕಾಯಲೇಬೇಕು.

ಬೇಲಿ ಕಾಯುವ ಭರದಲ್ಲಿ ಆದದ್ದನ್ನೂ ಹೇಳಬೇಕು. 2013ರಲ್ಲಿ ಫ್ರಾನ್ಸಿನ ವೈದ್ಯರ ತಂಡವೊಂದು, ಬಡ ದೇಶಗಳಿಂದ ಬಂದ ನಾಲ್ವರು ಯುವ ಕ್ರೀಡಾಪಟುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಒಳಗಿನ ವೃಷಣಗಳನ್ನು ತೆಗೆದದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಉಗಾಂಡಾದ ಅನ್ನೆಟ್ ನೆಗೆಸಾ 2012ರಲ್ಲಿ ಇಂಥ ಶಸ್ತ್ರಚಿಕಿತ್ಸೆಗೆ ಒಳಗಾದವರು. ಏನು ಮಾಡುತ್ತಿದ್ದಾರೆ ಎಂದು ತನಗೆ ಸರಿಯಾಗಿ ತಿಳಿಸಲಿಲ್ಲ ಎಂದು ಆಮೇಲೆ ಹೇಳಿದರು. ಮೊದಲಿನಂತೆ ಓಡಲು ಅವರಿಗೆ ಆಗಲೇ ಇಲ್ಲ.

ಲಿಂಗ ಬದಲಿಸಿಕೊಂಡವರ ವಿಷಯ ಬೇರೆ

ಡಿಎಸ್‌ಡಿ ಮತ್ತು ಟ್ರಾನ್ಸ್‌ಜೆಂಡರ್ ಒಂದೇ ಅಲ್ಲ. ಟ್ರಾನ್ಸ್ ಮಹಿಳೆಯರು ಹುಟ್ಟಿದಾಗ ಗಂಡೆಂದು ದಾಖಲಾಗಿ, ಆಮೇಲೆ ಹೆಣ್ಣಾಗಿ ಬದುಕುವವರು. ಅವರ ವಿಷಯದಲ್ಲಿ ಪ್ರಶ್ನೆ ಎಂದರೆ, ಹರೆಯದಲ್ಲಿ ಕಟ್ಟಿದ ಮೈ ಔಷಧಿಯಿಂದ ಎಷ್ಟು ಬದಲಾಗುತ್ತದೆ ಎಂಬುದು. ಟೆಸ್ಟೋಸ್ಟಿರಾನ್ ತಗ್ಗಿಸಿದರೆ ಹಿಮೋಗ್ಲೋಬಿನ್ ಮೂರು-ನಾಲ್ಕು ತಿಂಗಳಲ್ಲೇ ಇಳಿಯುತ್ತದೆ. ಸ್ನಾಯು ಹಾಗಲ್ಲ, ಒಂದು ವರ್ಷದಲ್ಲಿ ಶೇ 5ರಷ್ಟು ಕಡಿಮೆಯಾದರೆ ಹೆಚ್ಚು. ಎತ್ತರವಂತೂ ಇಳಿಯುವುದಿಲ್ಲ. ಗಂಡು ಹರೆಯ ದಾಟಿದವರನ್ನು ಮಹಿಳಾ ವಿಭಾಗದಿಂದ ಈಜು ಸಂಸ್ಥೆ 2022ರಲ್ಲೂ, ಅಥ್ಲೆಟಿಕ್ಸ್ ಸಂಸ್ಥೆ 2023ರಲ್ಲೂ ಹೊರಗಿಟ್ಟವು.

ಮತ್ತೆ ಹತ್ತಿಕಡ್ಡಿಗೆ

ಹಾರ್ಮೋನಿನ ಮಿತಿ ಸರಿದಾಡುತ್ತದೆ, ರಕ್ತದಲ್ಲಿ ಅದು ದಿನದಿನಕ್ಕೆ ಬದಲಾಗುತ್ತದೆ, ಮಾತ್ರೆ ತಗೊಂಡು ಇಳಿಸಬಹುದು. ಜೀನ್ ಹಾಗಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಎಲ್ಲರಿಗೂ ಮಾಡುವುದರಿಂದ 'ನಿನ್ನ ಮೇಲೆ ಅನುಮಾನ' ಎಂದು ಒಬ್ಬರನ್ನೇ ಎಳೆದು ನಿಲ್ಲಿಸಬೇಕಾಗಿಲ್ಲ. ಹೊಸ ಪರೀಕ್ಷೆಯ ಪರವಾದ ಮಾತು ಇದು. ವಿಶ್ವ ಬಾಕ್ಸಿಂಗ್ ಸಂಸ್ಥೆಯೂ 2025ರಲ್ಲೇ ಇದೇ ದಾರಿ ಹಿಡಿಯಿತು.

ವಿರೋಧದ ಮಾತು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1990ರಲ್ಲಿ ಎಸ್‌ಆರ್‌ವೈ ಜೀನ್ ಕಂಡುಹಿಡಿದ ತಂಡದ ವಿಜ್ಞಾನಿ ಆಂಡ್ರ್ಯೂ ಸಿಂಕ್ಲೇರ್ ಅವರೇ ಇದನ್ನು ಹೀಗೆ ಬಳಸುವುದು ತಪ್ಪು ಎಂದರು. ಜೀನ್ ಇದೆ ಎಂದು ಈ ಪರೀಕ್ಷೆ ಹೇಳುತ್ತದೆ. ಅದು ಕೆಲಸ ಮಾಡಿತೇ, ವೃಷಣ ಬೆಳೆಯಿತೇ, ಹಾರ್ಮೋನು ಬಂತೇ, ಬಂದ ಹಾರ್ಮೋನನ್ನು ದೇಹ ಬಳಸಿತೇ ಎಂಬುದು ಅದರಿಂದ ತಿಳಿಯುವುದಿಲ್ಲ. ನಮ್ಮ ಲೆಕ್ಕದಲ್ಲಿ, ಟ್ಯಾಂಕ್ ಕಟ್ಟಲು ಮಂಜೂರಾದ ಕಾಗದ ನೋಡಿ ಮನೆಯ ನಲ್ಲಿಯಲ್ಲಿ ನೀರು ಬರುತ್ತಿದೆ ಎಂದ ಹಾಗೆ. ನಲ್ಲಿಯೇ ಇಲ್ಲದ, ಪಟಿನ್ಯೊ ಥರದವರಿಗೆ ಈ ಸಲದ ನಿಯಮದಲ್ಲಿ ವಿನಾಯಿತಿ ಇದೆ. ಅರ್ಧ ಕಟ್ಟಿದ ನಲ್ಲಿಯವರ ಕತೆ ಅಷ್ಟು ಸುಲಭವಲ್ಲ. ಇದರ ಜೊತೆ ಕಾನೂನಿನ ತೊಡಕೂ ಇದೆ. ಫ್ರಾನ್ಸಿನಲ್ಲಿ ಇಂಥ ಜೀನ್ ಪರೀಕ್ಷೆಗೆ ಕಾನೂನು ಅವಕಾಶ ಕೊಡುವುದಿಲ್ಲ. ಅಲ್ಲಿನ ಓಟಗಾರ್ತಿಯರು ದೇಶದ ಹೊರಗೆ ಹೋಗಿ ಮಾಡಿಸಬೇಕಾಯಿತು.

ಪಿಸಿಒಡಿ ಇರುವವರು ಹೆದರಬೇಕಾ?

ನನ್ನ ಹತ್ತಿರ ಜಾಸ್ತಿ ಜನ ಕೇಳಿದ್ದು ಇದನ್ನೇ. ಪಿಸಿಒಡಿ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ಸರಿಯಾಗಿ ಆಗದ ಅಂಡಾಶಯದ ತೊಂದರೆ, ಇರುವ ಹುಡುಗಿಯರು ಈಗ ಮನೆಮನೆಯಲ್ಲಿದ್ದಾರೆ. ರಿಪೋರ್ಟಿನಲ್ಲಿ ಟೆಸ್ಟೋಸ್ಟಿರಾನ್ ಪಕ್ಕ ಮೇಲ್ಮುಖದ ಬಾಣದ ಗುರುತು ಕಂಡರೆ ಅಮ್ಮಂದಿರಿಗೆ ಗಾಬರಿ. ಮಗಳು ಅಥ್ಲೆಟಿಕ್ಸ್‌ನಲ್ಲಿದ್ದರಂತೂ ಇನ್ನೂ ಗಾಬರಿ.

ಪಿಸಿಒಡಿಯಲ್ಲಿ ಹಾರ್ಮೋನು ಏರುವುದು ಮುಖ್ಯವಾಗಿ ಅಂಡಾಶಯದಿಂದ. ಏರಿದರೂ ಸಾಮಾನ್ಯವಾಗಿ 5 ನ್ಯಾನೊಮೋಲ್ ದಾಟುವುದಿಲ್ಲ, ಅಂದರೆ ನಮ್ಮ ಲ್ಯಾಬ್ ಲೆಕ್ಕದಲ್ಲಿ 144ರ ಒಳಗೆ. ಅವರ ಕ್ರೋಮೋಸೋಮ್ ಎಕ್ಸ್ ಎಕ್ಸ್, ಅದರಲ್ಲಿ ಎಸ್‌ಆರ್‌ವೈ ಜೀನ್ ಇರುವುದಿಲ್ಲ. 2018ರಿಂದ ಬಂದ ಹಾರ್ಮೋನ್ ಮಿತಿಯ ನಿಯಮಗಳು ಅವರಿಗೆ ಅನ್ವಯವಾಗುತ್ತಿರಲಿಲ್ಲ, ಈಗಿನ ಜೀನ್ ಪರೀಕ್ಷೆಯಿಂದಲೂ ಅವರಿಗೆ ತೊಂದರೆಯಿಲ್ಲ. ಇನ್ನು ತಾಲ್ಲೂಕು, ಜಿಲ್ಲಾ ಮಟ್ಟದ ಕೂಟಕ್ಕೆ ಹೊರಟವರಿಗೆ ಈ ಕಡ್ಡಿಯ ಮಾತೇ ಬರುವುದಿಲ್ಲ. ವಿಶ್ವ ಅಥ್ಲೆಟಿಕ್ಸ್‌ನ ನಿಯಮ ಇರುವುದು ವಿಶ್ವ ರ‍್ಯಾಂಕಿಂಗ್ ಲೆಕ್ಕಕ್ಕೆ ಬರುವ ಸ್ಪರ್ಧೆಗಳಿಗೆ. ಮುಟ್ಟು ಏರುಪೇರಾಗಿದ್ದರೆ ಡಾಕ್ಟರಿಗೆ ತೋರಿಸಿ. ಸ್ಪೈಕ್ಸ್ ತೆಗೆದು ಅಟ್ಟಕ್ಕೆ ಹಾಕಬೇಕಾಗಿಲ್ಲ.